ಜ್ಞಾನದಾಸೋಹದ ಹೊಸ ಪಂಕ್ತಿ: ಜಾಲತಾಣಕ್ಕೆ ಓದುಗರು ಬರುವ ಬಗೆ



ಕಳೆದ ಸಾಲಿನ ಜಾತ್ರಾ ಮಹೋತ್ಸವ ಮುಗಿದ ಮರುದಿನ ಬೆಳಿಗ್ಗೆ ದಾಸೋಹದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದರು. ಅದೇ ವೇಳೆಗೆ ಬೆಂಗಳೂರಿನಿಂದ ಒಂದು ಕುಟುಂಬ ಬಂದು ಮಠದ ಬಾಗಿಲಲ್ಲಿ ನಿಂತಿತು. ಕೃಷ್ಣರಾಜನಗರದ ಕಡೆಯ ಮೂಲದವರು. ಮೊಮ್ಮಗನಿಗೆ ಲಿಂಗದೀಕ್ಷೆ ಕೊಡಿಸಬೇಕೆಂದು ಎಂಬತ್ತು ದಾಟಿದ ಅಜ್ಜಿಯನ್ನೂ ಕರೆತಂದಿದ್ದರು. ದೀಕ್ಷಾ ಕಾರ್ಯಕ್ರಮ ಹಿಂದಿನ ದಿನವೇ ನೆರವೇರಿತ್ತು. ಮಗನ ಮೊಬೈಲಿನಲ್ಲಿದ್ದ ಆಹ್ವಾನ ಪತ್ರಿಕೆಯನ್ನು ನೋಡಿದೆ. ಅದು ನಮ್ಮದೇ, ಆದರೆ ಅದರ ಹಿಂದಿನ ವರ್ಷದ್ದು. ತಿಂಗಳು, ದಿನಾಂಕ, ವಾರ ಎಲ್ಲವೂ ಇದ್ದವು. ಇಸವಿ ಮಾತ್ರ ಇರಲಿಲ್ಲ. "ಅಯ್ಯನವರೇ, ಇಷ್ಟು ದೂರ ಬಂದು ಹೀಗಾಯ್ತಲ್ಲ" ಎಂದು ಆ ತಾಯಿ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪೂಜ್ಯ ಶ್ರೀಗಳವರು ವಿಷಯ ತಿಳಿದು ಅಂದೇ ಆ ಬಾಲಕನಿಗೆ ದೀಕ್ಷೆಯನ್ನು ಅನುಗ್ರಹಿಸಿ, ಕುಟುಂಬವನ್ನು ಪ್ರಸಾದಕ್ಕೆ ಕೂರಿಸಿದರು. ಬಳಿಕ ನನ್ನನ್ನು ಕರೆಸಿ, "ಕಾರ್ಯದರ್ಶಿಗಳೇ, ಜಾಲತಾಣ ಇರುವುದು ಭಕ್ತರಿಗೆ ದಾರಿ ತೋರಿಸುವುದಕ್ಕೆ. ಇದ್ದೂ ಕಾಣದಿದ್ದರೆ ಅದು ಯಾರಿಗಾಗಿ?" ಎಂದು ಅಪ್ಪಣೆ ಕೊಡಿಸಿದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ವರ್ಷ ಕಲಿತದ್ದನ್ನು ಭಕ್ತರ ಮುಂದಿಡುವುದೇ ಈ ಲೇಖನದ ಉದ್ದೇಶ. ಜಾಲತಾಣಕ್ಕೆ ಓದುಗರು ಹೇಗೆ ಬರುತ್ತಾರೆ, ಏಕೆ ಬರುವುದಿಲ್ಲ, ಅವರನ್ನು ಬರಮಾಡಿಕೊಳ್ಳುವ ಯೋಗ್ಯ ಮಾರ್ಗ ಯಾವುದು, ಯಾವ ಮಾರ್ಗ ಮಠಕ್ಕೆ ತಕ್ಕುದಲ್ಲ ಎಂಬುದನ್ನು ತಿಳಿದರೆ, ನಮ್ಮ ನಾಲ್ಕೂ ತಾಲ್ಲೂಕುಗಳ ಸಂಘ ಸಂಸ್ಥೆಗಳಿಗೂ ಉಪಯೋಗವಾದೀತು.

ಹಳಕಟ್ಟಿಯವರು ತೋರಿದ ದಾರಿ

ಶರಣರ ಮಾತನ್ನು ಜನರ ಬಳಿಗೆ ಒಯ್ಯುವ ಪ್ರಶ್ನೆ ನಮಗೆ ಹೊಸದಲ್ಲ. ಫ.ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದವರು. ಮನೆ ಮನೆಗಳಲ್ಲಿ, ಮಠಗಳಲ್ಲಿ ಪೂಜೆಯ ಗಂಟಿನೊಳಗೆ ಉಳಿದುಕೊಂಡಿದ್ದ ತಾಳೆಗರಿಗಳನ್ನು ಅವರು ಊರೂರು ತಿರುಗಿ ಸಂಗ್ರಹಿಸಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ವಂತವಾಗಿ ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಇದ್ದ ಮನೆಯನ್ನೇ ಮಾರಿದ ತ್ಯಾಗಜೀವಿ ಅವರು.

ಗ್ರಂಥ ಅಚ್ಚಾದ ಮೇಲೂ ಪತ್ರಿಕೆ ಏಕೆ ಬೇಕಾಯಿತು ಎಂಬುದನ್ನು ನಾವು ವಿಚಾರಿಸಬೇಕು. ಗ್ರಂಥವನ್ನು ಒಮ್ಮೆ ಕೊಂಡವರು ಕಪಾಟಿನಲ್ಲಿಡುತ್ತಾರೆ. ಪತ್ರಿಕೆಯಾದರೋ ಮತ್ತೆ ಮತ್ತೆ ಮನೆಬಾಗಿಲಿಗೆ ಬರುತ್ತದೆ. ಬಂದಾಗಲೆಲ್ಲ ಹೊಸದೇನನ್ನೋ ತರುತ್ತದೆ. ಓದುವವನಿಗೆ ಅದನ್ನು ಕಾಯುವ ಅಭ್ಯಾಸವಾಗುತ್ತದೆ. ಜಾಲತಾಣದ ಗುಟ್ಟೂ ಇದೇ. ಉದ್ಘಾಟನೆಯ ದಿನ ದೀಪ ಬೆಳಗಿ, ಮಠದ ಇತಿಹಾಸವನ್ನೂ ಗುರುಪರಂಪರೆಯನ್ನೂ ಹಾಕಿ, ಆಮೇಲೆ ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ಕಪಾಟಿನ ಗ್ರಂಥವೇ ಸರಿ.

ಮುಂದಿನ ತಲೆಮಾರಿನಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳ 'ಸಮಗ್ರ ವಚನ ಸಂಪುಟ'ವನ್ನು 1993ರಲ್ಲಿ ಹೊರತಂದಿತು. ಅಷ್ಟೂ ವಚನರಾಶಿ ಗಣಕಯಂತ್ರಕ್ಕೆ ಏರಿದ ಮೇಲೆ ಇನ್ನೊಂದು ಹೆಜ್ಜೆ ಸಾಧ್ಯವಾಯಿತು. ಓ.ಎಲ್. ನಾಗಭೂಷಣಸ್ವಾಮಿಯವರಂತಹ ವಿದ್ವಾಂಸರೂ ಓಂಶಿವಪ್ರಕಾಶ್ ಅವರಂತಹ ತಂತ್ರಜ್ಞರೂ ಕೂಡಿ 'ವಚನ ಸಂಚಯ' ಎಂಬ ಜಾಲತಾಣವನ್ನು ರೂಪಿಸಿದರು. 20,000ಕ್ಕೂ ಹೆಚ್ಚಿನ ವಚನಗಳು ಅಲ್ಲಿವೆ. 'ಕಾಯಕ' ಎಂಬ ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ಯಾವ ಯಾವ ವಚನಗಳಲ್ಲಿ ಬಂದಿದೆಯೆಂಬುದು ಕಣ್ಣೆದುರಿಗೆ ಬರುತ್ತದೆ. ಹಿಂದೆ ಸಂಶೋಧಕನೊಬ್ಬ ವರ್ಷಗಟ್ಟಲೆ ಚೀಟಿ ಬರೆದು ಮಾಡಬೇಕಾಗಿದ್ದ ಕೆಲಸವಿದು. ಸಿರಿಗೆರೆಯ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ವ್ಯಾಕರಣವನ್ನು ಗಣಕಕ್ಕೆ ಅಳವಡಿಸಿ 'ಗಣಕಾಷ್ಟಾಧ್ಯಾಯೀ' ತಂತ್ರಾಂಶವನ್ನು ರೂಪಿಸಿದ್ದನ್ನೂ, ಬಳಿಕ ವಚನಗಳನ್ನು ಮೊಬೈಲಿಗೆ ತಂದುದನ್ನೂ ಇಲ್ಲಿ ಗೌರವದಿಂದ ಸ್ಮರಿಸಬೇಕು.

ಇಂತಹ ತಾಣಗಳಿಗೆ ಜನ ಬಂದದ್ದು ಹುಡುಕಿದವರಿಗೆ ಬೇಕಾದದ್ದು ಅಲ್ಲಿ ಸಿಕ್ಕಿತೆಂಬ ಕಾರಣಕ್ಕೆ. ಇದನ್ನು ಮೊದಲ ಸೂತ್ರವೆಂದು ಇಟ್ಟುಕೊಳ್ಳೋಣ.

ಶೋಧಕಯಂತ್ರ ಏನನ್ನು ಓದುತ್ತದೆ?

ಜಗದ್ವ್ಯಾಪಿ ಜಾಲದ ತಂತ್ರವನ್ನು ಯೂರೋಪಿನ ಸರ್ನ್ ಸಂಶೋಧನಾ ಕೇಂದ್ರವು 1993ರ ಏಪ್ರಿಲ್ 30ರಂದು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಅಂದಿನಿಂದ ಪುಟಗಳ ಸಂಖ್ಯೆ ಎಣಿಕೆಗೆ ಸಿಗದಷ್ಟು ಬೆಳೆದುದರಿಂದ ಬೇಕಾದ ಪುಟವನ್ನು ಹುಡುಕಿಕೊಡುವ ಯಂತ್ರಗಳು ಹುಟ್ಟಿದವು. 1998ರಲ್ಲಿ ಆರಂಭವಾದ ಗೂಗಲ್ ಇವುಗಳಲ್ಲಿ ಪ್ರಮುಖವಾದುದು.

ಇದರ ಕೆಲಸ ಮೂರು ಹಂತದ್ದು. ಮೊದಲು ಅದರ ತಂತ್ರಾಂಶ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಂಚರಿಸುತ್ತದೆ. ಎರಡನೆಯದಾಗಿ, ಕಂಡ ಪುಟದ ಪದಗಳನ್ನೆಲ್ಲ ಗ್ರಂಥದ ಕೊನೆಯ ಪದಸೂಚಿಯಂತೆ ದಾಖಲಿಸಿಕೊಳ್ಳುತ್ತದೆ. ಮೂರನೆಯದಾಗಿ, ನಾವು ಒಂದು ಪದವನ್ನು ಕೊಟ್ಟಾಗ ಆ ಸೂಚಿಯನ್ನು ನೋಡಿ, ಯಾವ ಪುಟ ಹೆಚ್ಚು ಸಮರ್ಪಕವೆಂದು ತೋರುವುದೋ ಅದನ್ನು ಮೇಲಿಡುತ್ತದೆ. ಈ ಕೊನೆಯ ತೀರ್ಮಾನದಲ್ಲಿ ಇತರ ತಾಣಗಳ ಸಾಕ್ಷ್ಯಕ್ಕೆ ಬೆಲೆಯುಂಟು. ಒಂದು ಪುಟಕ್ಕೆ ಬೇರೆ ಗಣ್ಯ ತಾಣಗಳು ಕೊಂಡಿ ಕೊಟ್ಟಿದ್ದರೆ, ನಾಲ್ಕು ಜನ ದೊಡ್ಡವರು ಒಬ್ಬನ ಪರವಾಗಿ ಮಾತಾಡಿದಂತೆ, ಆ ಪುಟದ ತೂಕ ಹೆಚ್ಚುತ್ತದೆ. ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ರೂಪಿಸಿದ ಮೂಲ ವಿಚಾರವಿದು.

ಈ ಮೂರು ಹಂತಗಳನ್ನು ತಿಳಿದ ಮೇಲೆ ನಮ್ಮ ತಪ್ಪುಗಳು ಒಂದೊಂದಾಗಿ ಕಂಡವು.

ನಮ್ಮ ತಪ್ಪುಗಳು, ತಿದ್ದಿಕೊಂಡ ಬಗೆ

ಮೊದಲನೆಯದು, ಆಹ್ವಾನ ಪತ್ರಿಕೆಯನ್ನು ಕೇವಲ ಚಿತ್ರವಾಗಿ ಹಾಕುತ್ತಿದ್ದುದು. ಮನುಷ್ಯನ ಕಣ್ಣಿಗೆ ಅದರಲ್ಲಿ ಅಕ್ಷರ ಕಾಣುತ್ತದೆ. ಶೋಧಕಯಂತ್ರ ಮುಖ್ಯವಾಗಿ ಓದುವುದು ಪಠ್ಯವನ್ನು. ಚಿತ್ರದೊಳಗಿನ ಅಕ್ಷರವನ್ನು ನೆಚ್ಚಿಕೊಳ್ಳುವಂತಿಲ್ಲ. ಪುಟದ ಶೀರ್ಷಿಕೆಯೂ 'ಆಹ್ವಾನ ಪತ್ರಿಕೆ' ಎಂದಷ್ಟೇ ಇತ್ತು. ಜಾತ್ರೆಯ ದಿನ ಯಾವುದೆಂದು ಕೇಳಿದವನಿಗೆ ಉತ್ತರವಿದ್ದೂ ಯಂತ್ರ ತೋರಿಸಲಾರದಾಗಿತ್ತು. ಈಗ ಶೀರ್ಷಿಕೆಯಲ್ಲಿಯೇ ಊರು, ಕಾರ್ಯಕ್ರಮ, ದಿನಾಂಕ, ಇಸವಿ ನಾಲ್ಕನ್ನೂ ಬರೆಯುತ್ತೇವೆ. ಪತ್ರಿಕೆಯ ಒಕ್ಕಣೆಯನ್ನು ಕೆಳಗೆ ಪಠ್ಯವಾಗಿ ಟಂಕಿಸುತ್ತೇವೆ. ತಿಥಿಯನ್ನನುಸರಿಸುವ ಜಾತ್ರೆಗಳ ದಿನಾಂಕ ಪ್ರತಿವರ್ಷ ಬದಲಾಗುವುದರಿಂದ ಇಸವಿಯಿಲ್ಲದ ಪತ್ರಿಕೆಯನ್ನು ಮಠದಿಂದ ಇನ್ನು ಹೊರಡಿಸುವುದಿಲ್ಲ. ಹಳೆಯ ಪುಟದ ಮೇಲೆ 'ಈ ಕಾರ್ಯಕ್ರಮ ಸಂಪನ್ನಗೊಂಡಿದೆ' ಎಂಬ ಸಾಲನ್ನೂ ಹೊಸ ಪುಟದ ಕೊಂಡಿಯನ್ನೂ ಹಾಕುತ್ತೇವೆ.

ಎರಡನೆಯದು, ಅಕ್ಷರಶೈಲಿಯ ತೊಡಕು. ಗಣಕದಲ್ಲಿ ಕನ್ನಡ ಬರೆಯುವುದನ್ನು ನಮ್ಮಂಥವರಿಗೆ ಕಲಿಸಿದ ನುಡಿ, ಬರಹ ತಂತ್ರಾಂಶಗಳ ಋಣ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ರೂಪವನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಅದು ಅರ್ಥವಿಲ್ಲದ ಗುರುತುಗಳ ಗುಂಪು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪಿದ ಸ್ವಂತ ಸಂಖ್ಯೆಯಿದೆ. ಮಠದ ಹಳೆಯ ಸ್ಮರಣ ಸಂಚಿಕೆಗಳ ಲೇಖನಗಳನ್ನು ಹೀಗೆ ಪರಿವರ್ತಿಸಿ ಹಾಕುವ ಕೆಲಸ ನಡೆದಿದೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಕೆಲವೊಮ್ಮೆ ಸ್ಥಾನಪಲ್ಲಟವಾಗುವುದರಿಂದ ಕರಡು ತಿದ್ದುವುದು ಅನಿವಾರ್ಯ. ಕನ್ನಡ ಬಲ್ಲ ನಿವೃತ್ತ ಅಧ್ಯಾಪಕರು ಇಲ್ಲಿ ದೊಡ್ಡ ಸೇವೆ ಸಲ್ಲಿಸಬಹುದು.

ಮೂರನೆಯದು, ಊರ ಹೆಸರುಗಳು. ಪಿರಿಯಾಪಟ್ಟಣವೆಂದು ಬರೆಯುವವರುಂಟು, ಪೆರಿಯಾಪಟ್ಟಣವೆಂದು ಬರೆಯುವವರುಂಟು. ಹೆಗ್ಗಡದೇವನಕೋಟೆ ಬಳಕೆಯಲ್ಲಿ ಎಚ್.ಡಿ. ಕೋಟೆ, ಹೆಚ್.ಡಿ. ಕೋಟೆ, ಬರಿಯ ಕೋಟೆ. ಕೃಷ್ಣರಾಜನಗರ ಎಲ್ಲರ ಬಾಯಲ್ಲೂ ಕೆ.ಆರ್. ನಗರ, ಹಿರಿಯರ ನೆನಪಿನಲ್ಲಿ ಇನ್ನೂ ಎಡತೊರೆ. ಸಾಲಿಗ್ರಾಮ, ಸರಗೂರುಗಳು ಈಗ ಪ್ರತ್ಯೇಕ ತಾಲ್ಲೂಕುಗಳಾದರೂ ಹೊರಗಿರುವ ಮಕ್ಕಳು ಹುಡುಕುವುದು ಹಳೆಯ ತಾಲ್ಲೂಕಿನ ಹೆಸರಿನಲ್ಲೇ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುವವರ ಸಂಖ್ಯೆಯೂ ಕಡಿಮೆಯಲ್ಲ. ಆದುದರಿಂದ 'ಮಠಕ್ಕೆ ಬರುವ ದಾರಿ' ಎಂಬ ಒಂದೇ ಪುಟದಲ್ಲಿ ಬಳಕೆಯ ಹೆಸರುಗಳನ್ನೆಲ್ಲ ಸಹಜವಾದ ವಾಕ್ಯಗಳಲ್ಲಿ ತಂದಿದ್ದೇವೆ. ಗೂಗಲ್ ನಕ್ಷೆಯಲ್ಲಿ ಮಠದ ಸ್ಥಳವನ್ನು ಗುರುತಿಸಿ, ಪೂಜೆ ಮತ್ತು ಪ್ರಸಾದದ ವೇಳೆಯನ್ನು ನಮೂದಿಸಿದ್ದೇವೆ. ಇದಕ್ಕೆ ಯಾವ ಶುಲ್ಕವೂ ಇಲ್ಲ.

ನಾಲ್ಕನೆಯದು, ಪುಟದ ಭಾರ. ಮೊಬೈಲಿನಲ್ಲಿ ತೆಗೆದ ಒಂದೊಂದು ಛಾಯಾಚಿತ್ರವೂ ನಾಲ್ಕೈದು ಎಂ.ಬಿ. ಇರುತ್ತದೆ. ಉತ್ಸವದ ಮೂವತ್ತು ಚಿತ್ರಗಳನ್ನು ಹಾಗೆಯೇ ಹಾಕಿದರೆ ಮೈಸೂರಿನಲ್ಲಿ ಕುಳಿತವರಿಗೆ ತೆರೆದೀತು. ನಾಗರಹೊಳೆ, ಬಂಡೀಪುರದ ಅಂಚಿನ ಕೋಟೆ ಸೀಮೆಯ ಹಳ್ಳಿಗಳಲ್ಲಿ, ಸಿಗ್ನಲ್ ಸಿಗಲು ಮನೆಯ ಮಹಡಿ ಹತ್ತುವವರಿಗೆ ತೆರೆಯುವುದಿಲ್ಲ. ಹಾಗೆ ಕಾದು ಕಾದು ಹಿಂದಿರುಗಿದ ಭಕ್ತನನ್ನು ನಾವೇ ಬಾಗಿಲಿನಿಂದ ಕಳಿಸಿದಂತೆ. ಈಗ ಪ್ರತಿ ಚಿತ್ರವನ್ನೂ 200 ಕೆ.ಬಿ.ಯೊಳಗೆ ಇಳಿಸಿ, ಹತ್ತಕ್ಕೆ ಮೀರದಂತೆ ಹಾಕುತ್ತೇವೆ. ಚಿತ್ರದ ಕೆಳಗೆ ಒಂದು ಸಾಲಿನ ವಿವರಣೆ ಬರೆಯುತ್ತೇವೆ. ಅದು ದೃಷ್ಟಿಹೀನರ ಮೊಬೈಲ್ ಓದಿ ಹೇಳಲೂ ನೆರವಾಗುತ್ತದೆ.

ಐದನೆಯದು, ಎಲ್ಲಕ್ಕಿಂತ ನಾಚಿಕೆಗೇಡಿನದು. ಜಾಲತಾಣದ ಹೆಸರನ್ನು ಮೊದಲಿಗೆ ಒಬ್ಬ ಉತ್ಸಾಹಿ ಯುವಕ ತನ್ನ ಹೆಸರಿನಲ್ಲಿ, ತನ್ನ ಇ-ಅಂಚೆಯಲ್ಲಿ ನೋಂದಾಯಿಸಿದ್ದ. ಅವನು ಉದ್ಯೋಗಕ್ಕೆಂದು ದೂರ ಹೋದ. ನವೀಕರಣದ ಸೂಚನೆಗಳು ಯಾರೂ ನೋಡದ ಇ-ಅಂಚೆಗೆ ಹೋದವು. ಅವಧಿ ತೀರಿ ತಾಣ ಕಣ್ಮರೆಯಾಯಿತು. ಗಡುವು ಮೀರಿದ ಹೆಸರನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು, ಅದರಲ್ಲಿ ಏನನ್ನು ಬೇಕಾದರೂ ಹಾಕಬಹುದು ಎಂದು ತಿಳಿದಾಗ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ತಪ್ಪು ಆ ಯುವಕನದಲ್ಲ. ದಾಖಲೆಗಳನ್ನು ಇಟ್ಟುಕೊಳ್ಳಬೇಕಾದ ನನ್ನದು. ಈಗ ನೋಂದಣಿ ಮಠದ ಹೆಸರಿನಲ್ಲಿದೆ, ಹಲವು ವರ್ಷಗಳ ಶುಲ್ಕ ಮುಂಗಡವಾಗಿ ಸಂದಿದೆ, ಪ್ರವೇಶದ ಗುಟ್ಟು ಮೂವರು ಪದಾಧಿಕಾರಿಗಳ ಬಳಿಯಿದೆ. ಸಂಘ ಸಂಸ್ಥೆಗಳವರು ಈ ಒಂದು ವಿಷಯವನ್ನಾದರೂ ಇಂದೇ ಪರಿಶೀಲಿಸಿಕೊಳ್ಳಬೇಕೆಂದು ವಿನಂತಿ.

ವಾಟ್ಸ್‌ಆ್ಯಪ್ ಇರುವಾಗ ಜಾಲತಾಣವೇಕೆ?

ಅನೇಕ ಭಕ್ತರು ಕೇಳುವ ಪ್ರಶ್ನೆಯಿದು. ವಾಟ್ಸ್‌ಆ್ಯಪ್ ಸಂತೆಯ ಮಾತಿನಂತೆ. ಬೇಗ ಹರಡುತ್ತದೆ, ಬೇಗ ಮರೆಯಾಗುತ್ತದೆ. ಅಲ್ಲಿ ಬಂದ ಆಶೀರ್ವಚನವನ್ನು ಆರು ತಿಂಗಳ ಬಳಿಕ ಹುಡುಕುವುದು ಕಷ್ಟ. ಗುಂಪಿನಲ್ಲಿಲ್ಲದವರಿಗೆ ಅದು ದೊರೆಯದು, ಶೋಧಕಯಂತ್ರಕ್ಕೂ ಕಾಣದು. ಒಬ್ಬರಿಂದೊಬ್ಬರಿಗೆ ಸಾಗುವಾಗ ಯಾರೋ ಒಂದು ಸಾಲು ಸೇರಿಸುತ್ತಾರೆ, ಇನ್ಯಾರೋ ತಿಂಗಳನ್ನು ಅಳಿಸುತ್ತಾರೆ. ಶರಣರು ಹೇಳದ ಮಾತುಗಳು ಅವರ ಅಂಕಿತವನ್ನು ಹೊತ್ತು ತಿರುಗುತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಜಾಲತಾಣದಲ್ಲಾದರೆ ತಪ್ಪಿದ್ದಲ್ಲಿ ಒಮ್ಮೆ ತಿದ್ದಿದರೆ ಎಲ್ಲರಿಗೂ ತಿದ್ದಿದ ಪಾಠವೇ ದೊರೆಯುತ್ತದೆ.

ಹಾಗೆಂದು ಎರಡಕ್ಕೂ ವಿರೋಧವಿಲ್ಲ. ಇಡೀ ಲೇಖನವನ್ನು ನಕಲು ಮಾಡಿ ಕಳಿಸುವ ಬದಲು ಎರಡು ಸಾಲಿನ ಸಾರಾಂಶ ಬರೆದು ಕೊಂಡಿಯನ್ನು ಕಳಿಸಿದರೆ ಸಾಕು. ಓದುಗರು ಮೂಲಕ್ಕೆ ಬರುತ್ತಾರೆ, ಬಂದವರು ಇನ್ನೊಂದು ಲೇಖನವನ್ನೂ ನೋಡುತ್ತಾರೆ.

ಯಾವ ಹೊತ್ತಿನಲ್ಲಿ ಕಳಿಸಬೇಕೆಂಬುದಕ್ಕೂ ನಮ್ಮ ಸೀಮೆಯ ಬದುಕೇ ಉತ್ತರ ಹೇಳಿತು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಭಾಗದ ರೈತರು ಹೊಗೆಸೊಪ್ಪು ಹದ ಮಾಡುವ ತಿಂಗಳುಗಳಲ್ಲಿ ರಾತ್ರಿಯೆಲ್ಲ ಬ್ಯಾರನ್ ಬಳಿ ಬೆಂಕಿ ಕಾಯುತ್ತಾರೆ. ಕೈಯಲ್ಲಿ ಮೊಬೈಲ್ ಇರುತ್ತದೆ, ನಿದ್ದೆ ಮಾಡುವಂತಿಲ್ಲ. ಆ ದಿನಗಳಲ್ಲಿ ಸಂಜೆಯ ನಂತರ ಹಾಕಿದ ಪ್ರವಚನದ ಧ್ವನಿಮುದ್ರಿಕೆಯನ್ನು ಕೇಳಿದೆವೆಂದು ಬಂದು ಹೇಳಿದವರು ಹಲವರು. ಕೆ.ಆರ್. ನಗರದ ಕಡೆ ನಾಟಿಯ ಕಾಲದಲ್ಲಿ ಹಗಲು ಕಳಿಸಿದ್ದನ್ನು ಯಾರೂ ನೋಡರು. ಹೊರದೇಶದ ಭಕ್ತರಿಗೆ ನಮ್ಮ ರಾತ್ರಿಯೇ ಹಗಲು. ಕೇಳುವವರ ಕಾಯಕವನ್ನು ಅರಿತು ಮಾತನಾಡುವುದು ಹಳೆಯ ವಿವೇಕವೇ.

ಮಠದ ಅಂಗಳದಿಂದಲೇ ಆರಂಭ

ಜಾಲತಾಣದ ಪ್ರಚಾರವೆಲ್ಲ ಜಾಲದಲ್ಲೇ ಆಗಬೇಕೆಂದಿಲ್ಲ. ದಾಸೋಹ ಭವನದ ಬಾಗಿಲಲ್ಲಿ, ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ, ರಶೀದಿಯ ಕೆಳಗೆ, ಉಚಿತ ವಿದ್ಯಾರ್ಥಿನಿಲಯದ ಫಲಕದಲ್ಲಿ ಜಾಲತಾಣದ ವಿಳಾಸವನ್ನೂ ಕ್ಯೂಆರ್ ಚೌಕವನ್ನೂ ಮುದ್ರಿಸಿದ್ದೇವೆ. ಪ್ರಸಾದಕ್ಕೆ ಸಾಲಿನಲ್ಲಿ ನಿಂತವರಿಗೆ ಸಮಯವಿರುತ್ತದೆ. ಜೊತೆಯಲ್ಲಿರುವ ಮಕ್ಕಳು ಒಂದು ಕ್ಷಣದಲ್ಲಿ ತೆರೆದು ತೋರಿಸುತ್ತಾರೆ. ಶಾಲೆಗಳು, ಬಸವ ಬಳಗಗಳು, ಅಕ್ಕನ ಬಳಗಗಳು, ಸುತ್ತಲಿನ ಮಠಗಳು ತಮ್ಮ ತಾಣಗಳಲ್ಲಿ ನಮ್ಮ ಕೊಂಡಿಯನ್ನೂ, ನಾವು ಅವರದನ್ನೂ ಹಾಕಿಕೊಂಡರೆ ಇಬ್ಬರಿಗೂ ಗೌರವ. ಇದು ಕೊಡುಕೊಳೆಯ ವ್ಯಾಪಾರವಾಗದೆ, ನಿಜವಾದ ಸಂಬಂಧವಿರುವಲ್ಲಿ ಮಾತ್ರ ನಡೆಯಬೇಕು.

ಇನ್ನು ಓದುಗರನ್ನು ಮತ್ತೆ ಮತ್ತೆ ಕರೆತರುವುದು ಬೇರೆಲ್ಲಿಯೂ ಸಿಗದ ವಸ್ತು. ಮೈಸೂರಿನ, ಬೆಂಗಳೂರಿನ ಸುದ್ದಿಗೆ ದೊಡ್ಡ ಪತ್ರಿಕೆಗಳಿವೆ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಬೆಟ್ಟ ಹತ್ತುವ ಹಿರಿಯರ ನೆನಪು, ಒಂದು ಹಳ್ಳಿಯ ವೀರಗಾಸೆ ತಂಡದ ಮೂರು ತಲೆಮಾರಿನ ಕಥೆ, ಹಳೆಯ ಮನೆಯ ಜಗುಲಿಯಲ್ಲಿ ಉಳಿದ ಓಲೆಯ ಕಟ್ಟು, ಅಜ್ಜಿಯೊಬ್ಬರು ಹಾಡುವ ಶರಣರ ಪದ, ಇವುಗಳನ್ನು ಬರೆದಿಡುವವರು ನಾವಲ್ಲದೆ ಇನ್ನಾರು? ಬರೆಯದೆ ಹೋದರೆ ಆ ಹಿರಿಯರೊಂದಿಗೆ ಅವೂ ಹೋಗುತ್ತವೆ.

ಮಠಕ್ಕೆ ತಕ್ಕುದಲ್ಲದ ದಾರಿಗಳು

ಹಣ ಕೊಟ್ಟರೆ ಸಾವಿರಾರು ಮೆಚ್ಚುಗೆಗಳನ್ನೂ ಭೇಟಿಗಳನ್ನೂ ತಂದುಕೊಡುತ್ತೇವೆನ್ನುವವರು ನಮ್ಮನ್ನೂ ಸಂಪರ್ಕಿಸಿದ್ದರು. ಅಂತಹ ಭೇಟಿಗಳು ಬಹುಮಟ್ಟಿಗೆ ಯಂತ್ರಗಳು ಸೃಷ್ಟಿಸಿದವು. ಅವು ಓದುವುದಿಲ್ಲ, ಪ್ರಸಾದಕ್ಕೆ ಬರುವುದೂ ಇಲ್ಲ. ಶೋಧಕಯಂತ್ರಗಳು ಇದನ್ನು ಪತ್ತೆ ಹಚ್ಚಿ ತಾಣವನ್ನು ಕೆಳಗಿಳಿಸುವುದೂ ಉಂಟು. ಖಾಲಿ ಪಂಕ್ತಿಗೆ ಎಲೆ ಹಾಕಿ ಇಷ್ಟು ಜನ ಉಂಡರೆಂದು ಲೆಕ್ಕ ಬರೆಯುವುದು ದಾಸೋಹವಲ್ಲ.

ಹಾಗೆಯೇ, ಕುತೂಹಲ ಕೆರಳಿಸಿ ಒಳಗೆ ಏನೂ ಇಲ್ಲದ ತಲೆಬರಹಗಳು, ಬೇರೆಯವರ ಲೇಖನಗಳನ್ನು ಹೆಸರಿಲ್ಲದೆ ಎತ್ತಿಕೊಳ್ಳುವುದು, ವಿವಾದವನ್ನು ಎಬ್ಬಿಸಿ ಜನ ಸೇರಿಸುವುದು, ಇವು ಮೂರೂ ನಿಷಿದ್ಧವೆಂದು ಶ್ರೀಗಳವರ ಸ್ಪಷ್ಟ ಆದೇಶವಿದೆ. ಲಿಂಗದೀಕ್ಷೆ ಪಡೆಯುವ ಮಕ್ಕಳ ಚಿತ್ರವನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಹಾಕುವುದಿಲ್ಲ. ಸಹಾಯ ಪಡೆದವರ ಬಡತನವನ್ನು ಪ್ರದರ್ಶಿಸುವುದಿಲ್ಲ. ಕಾಣಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಮಠದ ಹೆಸರಿನಲ್ಲಿ ಯಾರೇ ಕ್ಯೂಆರ್ ಚಿತ್ರ ಕಳಿಸಿದರೂ ಹಣ ಹಾಕುವ ಮುನ್ನ ಮಠದ ಕಚೇರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿರಿ.

ಭಕ್ತರಲ್ಲಿ ವಿನಂತಿ

ಪ್ರತಿ ಗ್ರಾಮದಿಂದ ಒಬ್ಬರಾದರೂ ತಮ್ಮೂರ ಕಾರ್ಯಕ್ರಮದ ವರದಿಯನ್ನು ಹತ್ತು ಸಾಲಿನಲ್ಲಿ ಬರೆದು ಕಳಿಸಿರಿ. ಯಾರು, ಎಲ್ಲಿ, ಯಾವ ದಿನ, ಯಾವ ಇಸವಿ ಎಂಬುದು ಅದರಲ್ಲಿರಲಿ. ಮನೆಯಲ್ಲಿರುವ ಹಳೆಯ ಸ್ಮರಣ ಸಂಚಿಕೆ, ಛಾಯಾಚಿತ್ರ, ಓಲೆಗಳನ್ನು ಪ್ರತಿ ಮಾಡಿಕೊಳ್ಳಲು ಕೊಟ್ಟು, ಮೂಲವನ್ನು ಮರಳಿ ಪಡೆಯಿರಿ. ತಪ್ಪು ಕಂಡರೆ ಮುಲಾಜಿಲ್ಲದೆ ತಿಳಿಸಿರಿ. ಮೊಬೈಲ್ ಬಳಸಲು ಅರಿಯದ ಹಿರಿಯರಿಗೆ ವಾರಕ್ಕೊಮ್ಮೆ ಒಂದು ಲೇಖನವನ್ನು ಓದಿ ಹೇಳಿರಿ. ಈ ಓದು ಯಾವ ಯಂತ್ರದ ಎಣಿಕೆಗೂ ಸಿಗುವುದಿಲ್ಲ. ಆದರೂ ಅದೇ ದೊಡ್ಡದು.

ಎಷ್ಟು ಜನ ಬಂದರು ಎಂಬ ಅಂಕಿಯನ್ನು ತಿಂಗಳಿಗೊಮ್ಮೆ ನೋಡುತ್ತೇವೆ. ಅದಕ್ಕಿಂತ ಹೆಚ್ಚಾಗಿ ಅವರು ಏನನ್ನು ಹುಡುಕಿ ಬಂದರು, ಅದು ಅವರಿಗೆ ಸಿಕ್ಕಿತೇ ಎಂಬುದನ್ನು ನೋಡುತ್ತೇವೆ. ಸಿಗದಿದ್ದುದನ್ನು ಬರೆಯುವುದೇ ಮುಂದಿನ ತಿಂಗಳ ಕೆಲಸ.

ಈ ವರ್ಷದ ಜಾತ್ರೆಗೆ ಆ ಕುಟುಂಬ ಮತ್ತೆ ಬಂದಿತ್ತು. ಸರಿಯಾದ ದಿನಕ್ಕೆ, ಬೆಳಗಿನ ಪೂಜೆಗೆ ಮುಂಚೆಯೇ. ದಿನಾಂಕ ಹೇಗೆ ತಿಳಿಯಿತೆಂದು ಕೇಳಿದೆ. ದೀಕ್ಷೆ ಪಡೆದಿದ್ದ ಆ ಬಾಲಕನೇ ಅಜ್ಜಿಗೆ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದನಂತೆ. ಅಜ್ಜಿ ಪ್ರಸಾದಕ್ಕೆ ಮೊದಲ ಪಂಕ್ತಿಯಲ್ಲಿಯೇ ಕುಳಿತರು.



ಕಾರ್ಯದರ್ಶಿ, ಶ್ರೀಮಠ